ಉಳುವ ಯಂತ್ರದ ಚಕ್ರಾಂತರ

ಆಪಸ್ತಂಬ ಶುಲ್ಬಸೂತ್ರದಲ್ಲಿ ವೇದಿಯನ್ನು ಅಳೆಯುವ ಸಂದರ್ಭದಲ್ಲಿ ರಥದ ಅಂಗಗಳನ್ನೇ ಮಾನಗಳಾಗಿ ಹೇಳಿದೆ. ಈಷೆ, ಎಂದರೆ ಮೂಕಿಮರ, 188 ಅಂಗುಲ; ಅಕ್ಷ, ಎಂದರೆ ಅಚ್ಚು, 104 ಅಂಗುಲ; ಯುಗ, ಎಂದರೆ ನೊಗ, 86 ಅಂಗುಲ. ಶುಲ್ಬದ ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೆ ಅಚ್ಚು 78 ಇಂಚಾಗುವುದು. ಅಚ್ಚನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕಾದರೆ ಅದು ಯಾವ ಬಡಗಿಯ ಮನೆಯಲ್ಲಿ ಹುಟ್ಟಿದರೂ ಒಂದೇ ಉದ್ದವಿರಬೇಕು. ಹುಟ್ಟಿದ ಮೇಲೆ ಹೆಚ್ಚದೆ ಕುಗ್ಗದೆ ಇರಬೇಕು. ಸಾವಿರಾರು ವರ್ಷಗಳ ಕಾಲ ಚಕ್ರವುಳ್ಳ ವಾಹನವನ್ನು ಕುರಿತು ಲೋಕದ ಭಾವನೆ ಇದೇ ಆಗಿತ್ತು. ಅಚ್ಚು ಸ್ಥಿರ, ಚಕ್ರ ಚರ.

ಇಂದು ಇಂಗ್ಲೆಂಡು, ಐರ್ಲೆಂಡು, ಅಮೆರಿಕಾ ಮುಂತಾದ ದೇಶಗಳಲ್ಲಿ ಎಪ್ಪತ್ತು ಎಂಬತ್ತು ವರ್ಷ ವಯಸ್ಸಿನ ಟ್ರ್ಯಾಕ್ಟರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವವರು ಬಹುಮಂದಿ ಇದ್ದಾರೆ. ಅವರು ತಮ್ಮ ಯಂತ್ರವನ್ನು ಜಾತ್ರೆಗೋ ಉಳುಮೆಯ ಪಂದ್ಯಕ್ಕೋ ಒಯ್ಯಬೇಕಾದರೆ ಅದನ್ನು ಟ್ರೈಲರಿನ ಮೇಲೆ ಏರಿಸುವುದಕ್ಕೆ ಮುಂಚೆ ಅದರ ಚಕ್ರಗಳನ್ನು ಒಳಕ್ಕೆ ಸರಿಸಿ, ಅಗಲವನ್ನು ಕುಗ್ಗಿಸಿಕೊಳ್ಳುತ್ತಾರೆ. ಚಕ್ರಗಳ ನಡುವಣ ಅಂತರವನ್ನು ಹೀಗೆ ಬೇಕೆಂದಂತೆ ಹಿಗ್ಗಿಸಿ ಕುಗ್ಗಿಸುವ ಏರ್ಪಾಡು ರಸ್ತೆಗಾಗಿ ಹುಟ್ಟಿದ್ದಲ್ಲ, ಟ್ರೈಲರಿಗಾಗಿ ಹುಟ್ಟಿದ್ದಲ್ಲ. ಅದು ಹುಟ್ಟಿದುದು ಬೆಳೆಯ ಸಾಲಿಗಾಗಿ. ಹುಟ್ಟಿ ಇನ್ನೂ ನೂರು ವರ್ಷ ತುಂಬಿಲ್ಲ.

ಪ್ರಾಚೀನರು ಚಕ್ರಾಂತರವನ್ನು ಸ್ಥಿರವಾಗಿಟ್ಟುದಕ್ಕೆ ಕಾರಣವಿಲ್ಲದಿಲ್ಲ. ಮಣ್ಣಿನ ದಾರಿಯಲ್ಲಿ ಗಾಡಿಗಳು ಓಡಾಡಿದಂತೆಲ್ಲ ಜಾಡು ಬೀಳುವುದು. ಬಿದ್ದ ಜಾಡಿಗೆ ಹೊಂದದ ಗಾಡಿ ಒಂದು ಗಾಲಿ ಹಳ್ಳದಲ್ಲಿ, ಒಂದು ಗಾಲಿ ದಿಣ್ಣೆಯ ಮೇಲೆ ಎಂಬಂತೆ ವಾಲಿಕೊಂಡು ಹೋಗಬೇಕಾಗುವುದು. ಕ್ರಿಸ್ತಪೂರ್ವ 221ರಲ್ಲಿ ಚೀನಾದೇಶವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿ ಲಿಪಿ, ತೂಕ, ಅಳತೆಗಳ ಜೊತೆಯಲ್ಲಿ ಗಾಡಿಯ ಚಕ್ರಾಂತರವನ್ನೂ ಒಂದೇ ಮಾಡಿದನೆಂದು ಅಲ್ಲಿಯ ಇತಿಹಾಸಕಾರರು ಬರೆದಿಟ್ಟಿದ್ದಾರೆ. ಇಟಲಿಯ ಪೊಂಪೇಯಿ ನಗರದ ಬೀದಿಗಳಲ್ಲಿ ಕಾಲ್ನಡೆಯವರು ದಾಟುವುದಕ್ಕಾಗಿ ಹಾಕಿದ ಎತ್ತರವಾದ ಕಲ್ಲುಗಳ ನಡುವೆ ಗಾಲಿಗಳು ನುಸುಳಿಹೋಗುವಷ್ಟು ಸಂದು ಬಿಟ್ಟಿರುವುದನ್ನು ಇಂದಿಗೂ ಕಾಣಬಹುದು. ಈ ರೋಮನ್ ಜಾಡಿನ ಅಗಲವೇ ಕೈಮೀರಿ ಇಳಿದುಬಂದು ರೈಲುಹಳಿಯ 4 ಅಡಿ 8½ ಇಂಚಾಯಿತೆಂಬ ಮಾತೊಂದು ಬಹುಕಾಲದಿಂದ ಪ್ರಚಾರದಲ್ಲಿದೆ. ಕೇಳುವುದಕ್ಕೆ ಸೊಗಸಾದುದೇ ಹೊರತು ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಇಂಗ್ಲೆಂಡಿನ ಗಣಿಗಳಲ್ಲಿ ಕುದುರೆ ಎಳೆಯುತ್ತಿದ್ದ ಕಲ್ಲಿದ್ದಲ ಬಂಡಿಗಳವರೆಗೆ ಅದರ ವಂಶವನ್ನು ಹೇಳಿದರೆ ಸಾಕು.

ದಾರಿಯಲ್ಲಿ ಗಾಡಿಯ ಮಾತು ಹೀಗಾಯಿತು. ಹೊಲದಲ್ಲಿ ಅಗಲವನ್ನು ಗೊತ್ತುಮಾಡುತ್ತಿದ್ದವನು ಬೇರೊಬ್ಬನು, ಅವನು ಪಶು. ಕನ್ನಡನಾಡಿನ ಬಯಲುಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೂರಿಗೆಯ ತಾಳುಗಳ ನಡುವೆ ಎಷ್ಟು ಅಂತರವೋ ಬೆಳೆಯ ಸಾಲುಗಳ ನಡುವೆ ಅಷ್ಟೇ ಅಂತರ. ಎಡೆಕುಂಟೆ ಅದಕ್ಕಿಂತ ತುಸು ಕಿರಿದು. ಎತ್ತು ಸಾಲಿನ ಮಧ್ಯೆ ಪೈರು ತುಳಿಯದೆ ನಡೆಯಬೇಕು. ಅಮೆರಿಕಾದಲ್ಲಿ ಎತ್ತಿನ ಸ್ಥಾನದಲ್ಲಿ ಕುದುರೆ ಇದ್ದಿತು. ಮುಸುಕಿನ ಜೋಳದ ಸಾಲುಗಳನ್ನು ಅಲ್ಲಿ ಸುಮಾರು 42 ಇಂಚಿನ ದೂರದಲ್ಲಿ ಬಿತ್ತುತ್ತಿದ್ದರು. ಗಿಡಕ್ಕೆ ಅಷ್ಟು ಜಾಗ ಬೇಕೆಂದಲ್ಲ. ಎಡೆ ಹೊಡೆಯುವಾಗ ದೊಡ್ಡ ಮೈಯ ಕುದುರೆಯೊಂದು ಇಬ್ಬದಿಯ ಗಿಡಗಳಿಗೆ ಪೆಟ್ಟಾಗದಂತೆ ಹಾಯ್ದುಹೋಗಲು ಅಷ್ಟು ಬೇಕೆಂದು. ಕುದುರೆ ಹೊಲದಿಂದ ಹೊರಟುಹೋದ ಮೇಲೂ ಬಹುಕಾಲ ಅದು ಬಿಟ್ಟುಹೋದ ಅಳತೆ ಹೊಲದಲ್ಲಿ ಉಳಿದಿತ್ತು.

ಮೊದಮೊದಲ ಟ್ರ್ಯಾಕ್ಟರುಗಳು ಉಳುವುದಕ್ಕೂ, ಒಕ್ಕುವ ಯಂತ್ರವನ್ನು ಪಟ್ಟಿಯಿಂದ ತಿರುಗಿಸುವುದಕ್ಕೂ ತಕ್ಕವಾಗಿದ್ದುವು. ಆದರೆ ಅವು ಗಿಡ್ಡ ಹೊಟ್ಟೆಯ, ಭಾರವಾದ, ಕಬ್ಬಿಣದ ಗಾಲಿಯ ಯಂತ್ರಗಳು. ಪೈರು ಎದ್ದ ಹೊಲಕ್ಕೆ ಇಳಿದರೆ ಕಳೆಯೊಡನೆ ಬೆಳೆಯನ್ನೂ ಅರೆದುಬಿಡುವಂಥವು. ಆದುದರಿಂದ ಟ್ರ್ಯಾಕ್ಟರು ಕೊಂಡ ರೈತನೂ ಎಡೆ ಹೊಡೆಯುವುದಕ್ಕಾಗಿ ಕುದುರೆಗಳನ್ನು ಇಟ್ಟುಕೊಂಡೇ ಇರಬೇಕಾಗಿತ್ತು. ಯಂತ್ರಕ್ಕೆ ಎಣ್ಣೆಯ ವೆಚ್ಚ, ಕುದುರೆಗೆ ಮೇವಿನ ವೆಚ್ಚ, ಎರಡೂ ಅವನ ತಲೆಯ ಮೇಲೆ. 1920ರ ಸುಮಾರಿಗೆ ಅಮೆರಿಕಾದಲ್ಲಿ ಕುದುರೆಗಳೂ ಹೇಸರಗತ್ತೆಗಳೂ ಸೇರಿ ಎರಡೂವರೆ ಕೋಟಿಯಷ್ಟಿದ್ದುವೆಂಬುದನ್ನು ನೆನೆದರೆ ಈ ವೆಚ್ಚದ ಗಾತ್ರ ತಿಳಿಯುವುದು.

ಈ ತೊಡಕನ್ನು ಬಿಡಿಸಿದುದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಯಂತ್ರಶಿಲ್ಪಿಯಾದ ಬರ್ಟ್ ಬೆಂಜಮಿನ್ ಎಂಬವನ ನೇತೃತ್ವದಲ್ಲಿ ಸಿದ್ಧವಾಗಿ 1924ರಲ್ಲಿ ಮಾರಾಟಕ್ಕೆ ಬಂದ ಫಾರ್ಮಾಲ್ ಎಂಬ ಟ್ರ್ಯಾಕ್ಟರು. ಇದರ ಮುಂದಿನ ಎರಡು ಗಾಲಿಗಳು ಒಂದಕ್ಕೊಂದು ಅಂಟಿಕೊಂಡಂತೆ ಮಧ್ಯದಲ್ಲಿದ್ದು ಎರಡು ಸಾಲುಗಳ ನಡುವೆ ಓಡುವುವು. ಹಿಂದಿನ ಎತ್ತರದ ಗಾಲಿಗಳು ಆ ಎರಡು ಸಾಲುಗಳ ಆಚೆಬದಿಗಳಲ್ಲಿ ಓಡುವುವು. ಪೈರು ಯಂತ್ರದ ಹೊಟ್ಟೆಯ ಕೆಳಗೆ ತಲೆಯೆತ್ತಿಕೊಂಡೇ ಉಳಿಯುವುದು. ಇದು ಬಂದ ಮೇಲೆ ಕುದುರೆಗೆ ಹೊಲದಲ್ಲಿ ಕೆಲಸವೇ ಇಲ್ಲದಂತಾಯಿತು. ಆದರೆ ಹೊಸದೊಂದು ಪ್ರಶ್ನೆ ಹುಟ್ಟಿತು. ಮುಸುಕಿನ ಜೋಳದ ಸಾಲಿನ ಅಳತೆ ಒಂದು, ಹತ್ತಿಯದು ಒಂದು, ಆಲೂಗೆಡ್ಡೆಯದು ಇನ್ನೊಂದು, ಸಕ್ಕರೆ ಬೀಟಿನದು ಮತ್ತೂ ಕಿರಿದು. ಕುದುರೆಯಾದರೆ ಯಾವ ಸಾಲಿನಲ್ಲಾದರೂ ತನ್ನ ಹೆಜ್ಜೆಯನ್ನು ತಾನೇ ನೋಡಿಕೊಂಡು ನಡೆಯುವುದು. ಗಾಲಿಗೆ ಆ ವಿವೇಕವೆಲ್ಲಿ ಬರಬೇಕು? ಒಬ್ಬನೇ ರೈತ ಒಂದೇ ವರ್ಷದಲ್ಲಿ ಮೂರು ಬೆಳೆ ಬೆಳೆಯುವನಾದರೆ, ಮೂರಕ್ಕೂ ಸಲ್ಲುವ ಅಚ್ಚು ಬೇಕು.

1930ರಲ್ಲಿ ಆಲಿವರ್ ಸಂಸ್ಥೆಯವರೂ, 1934ರಲ್ಲಿ ಜಾನ್ ಡಿಯರ್ ಸಂಸ್ಥೆಯವರು ತಮ್ಮ ‘ಎ’ ಮಾದರಿಯಲ್ಲಿಯೂ ಕೊಟ್ಟ ಉತ್ತರ ಸರಳವಾದುದು. ಹಿಂದಿನ ಅಚ್ಚನ್ನು ಇಬ್ಬದಿಗೂ ಉದ್ದವಾಗಿ ಚಾಚಿಸಿ, ಅದರ ಮೈಮೇಲೆ ಉದ್ದುದ್ದವಾಗಿ ಹಲ್ಲುಗೆರೆಗಳನ್ನು ಕೊರೆದರು. ಚಕ್ರದ ನಾಭಿಯಲ್ಲಿಯೂ ಅದಕ್ಕೆ ಹೊಂದುವ ಹಲ್ಲುಗಳು. ಬಿಗಿಬೋಲ್ಟನ್ನು ಸಡಿಲಿಸಿದರೆ ಚಕ್ರ ಅಚ್ಚಿನ ಮೇಲೆ ಒಳಕ್ಕೂ ಹೊರಕ್ಕೂ ಜಾರುವುದು, ಆದರೆ ಹಲ್ಲುಗಳ ಹಿಡಿತದಿಂದ ಅಚ್ಚು ಬಿಟ್ಟು ತಿರುಗಲಾರದು. ಇದರ ಗುಣವೆಂದರೆ ಯಾವ ಅಳತೆಗಾದರೂ ನಿಲ್ಲಿಸಬಹುದು. ದೋಷವೆಂದರೆ, ಹಲವು ವರ್ಷ ಕದಲಿಸದೆ ಬಿಟ್ಟರೆ ನಾಭಿಯೂ ಅಚ್ಚೂ ತುಕ್ಕಿನಿಂದ ಒಂದೇ ಲೋಹವಾದಂತೆ ಬೆಸೆದುಕೊಳ್ಳುವುವು. ಇಂದು ಇಂಥ ಹಳೆಯ ಯಂತ್ರವನ್ನು ಟ್ರೈಲರಿಗೆ ಏರಿಸಹೊರಟವನು ಮೊದಲು ಹೋರಾಡಬೇಕಾದುದು ಈ ತುಕ್ಕಿನೊಡನೆ. ಅಚ್ಚಿನ ಹೊರಚಾಚನ್ನು ತಂತಿಕುಂಚದಿಂದ ಉಜ್ಜಿ, ದಿನಗಟ್ಟಲೆ ಎಣ್ಣೆಯುಣಿಸಿ, ಕೊನೆಗೆ ಕಾಯಿಸಿ ಬಡಿದು ಚಕ್ರವನ್ನು ಅರ್ಧಾಂಗುಲ ಅರ್ಧಾಂಗುಲವಾಗಿ ಸರಿಸಬೇಕಾಗುತ್ತದೆ. ಎರಕದ ಕಬ್ಬಿಣದ ನಾಭಿಯನ್ನು ಸಿಟ್ಟಿನಿಂದ ಬಡಿದು ಸೀಳಿಸಿಕೊಂಡವರೂ ಉಂಟು.

ಎರಡನೆಯ ಉತ್ತರ ಹ್ಯಾರಿ ಫರ್ಗುಸನ್ನನ ಯಂತ್ರದಲ್ಲಿದೆ. ಉತ್ತರ ಐರ್ಲೆಂಡಿನ ಡೌನ್ ಪ್ರಾಂತದ ರೈತನ ಮಗನಾಗಿ 1884ರಲ್ಲಿ ಹುಟ್ಟಿದ ಈತನು 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನದಲ್ಲಿ ಹಾರಿದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಐರ್ಲೆಂಡಿನ ಟ್ರ್ಯಾಕ್ಟರುಗಳ ಮೇಲ್ವಿಚಾರಣೆ ಅವನ ಪಾಲಿಗೆ ಬಂದಾಗ ನೇಗಿಲು ಬೇರೆ ಟ್ರ್ಯಾಕ್ಟರು ಬೇರೆ ಎಂಬ ವಿಭಾಗವೇ ತಪ್ಪೆಂದು ನಿಶ್ಚಯಿಸಿಕೊಂಡನು. ಮೂರು ಕೀಲುಗಳಿಂದ ನೇಗಿಲನ್ನು ಯಂತ್ರಕ್ಕೆ ಜೋಡಿಸಿ ದ್ರವಬಲದಿಂದ ಎತ್ತಿಳಿಸುವ ಅವನ ಕ್ರಮ ಲೋಕಪ್ರಸಿದ್ಧವಾಗಿದೆ. 1938ರ ಅಕ್ಟೋಬರಿನಲ್ಲಿ ಅಮೆರಿಕಾದ ಹೆನ್ರಿ ಫೋರ್ಡನೊಡನೆ ಬರಿಯ ಕೈಕುಲುಕಿ ಮಾಡಿಕೊಂಡ ಒಪ್ಪಂದದಿಂದ 1939ರ ಜೂನಿನಲ್ಲಿ ‘9ಎನ್’ ಎಂಬ ಯಂತ್ರ ಹೊರಬಂದಿತು. ಬರೆಹದಲ್ಲಿಲ್ಲದ ಆ ಒಪ್ಪಂದ ಫೋರ್ಡನ ಮೊಮ್ಮಗನ ಕಾಲದಲ್ಲಿ ಮುರಿದು, ನ್ಯಾಯಸ್ಥಾನಕ್ಕೆ ಹೋಗಿ, 1952ರಲ್ಲಿ 92½ ಲಕ್ಷ ಡಾಲರುಗಳಿಗೆ ಇತ್ಯರ್ಥವಾಯಿತು. ಅಷ್ಟರೊಳಗೆ ಫರ್ಗುಸನ್ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ ತನ್ನದೇ ಬೂದುಬಣ್ಣದ ‘ಟಿಇ20’ ಎಂಬುದನ್ನು ಮಾಡಿಸತೊಡಗಿದ್ದನು. 1956ರವರೆಗೆ ಅಂಥವು 5 ಲಕ್ಷ 17 ಸಾವಿರಕ್ಕೂ ಹೆಚ್ಚು ತಯಾರಾದುವು. ಹಳೆಯ ಟ್ರ್ಯಾಕ್ಟರನ್ನು ಟ್ರೈಲರಿನ ಮೇಲೆ ಕಂಡಲ್ಲಿ ಅದು ಈ ಕುಲದ್ದೇ ಆಗಿರುವ ಸಂಭವ ಹೆಚ್ಚು.

ಈ ಯಂತ್ರದಲ್ಲಿ ಉದ್ದಚಾಚಿದ ಅಚ್ಚು ಇಲ್ಲ. ಚಕ್ರವೇ ಮೂರು ವಿಧದಲ್ಲಿ ತಿರುವುಮುರುವಾಗುವಂತೆ ಕಲ್ಪಿಸಿದೆ. ಹಿಂದಿನ ಚಕ್ರದ ನಡುವೆ ತಳ ತಗ್ಗಿದ ಹರಿವಾಣದಂಥ ಉಕ್ಕಿನ ತಟ್ಟೆ. ಅದರ ಸುತ್ತ ಟೈರನ್ನು ಹೊತ್ತ ನೇಮಿ. ನೇಮಿಯ ಒಳಮೈಯಲ್ಲಿ ಮಧ್ಯಕ್ಕಲ್ಲದೆ ಒಂದು ಪಕ್ಕಕ್ಕೆ ಸರಿಸಿ ಬೆಸೆದ ಕಿವಿಗಳು. ತಟ್ಟೆಯ ತಗ್ಗನ್ನು ಒಳಮುಖವಾಗಿಯೋ ಹೊರಮುಖವಾಗಿಯೋ ಇಡಬಹುದು. ಕಿವಿಗಳನ್ನು ತಟ್ಟೆಯ ಅಂಚಿನ ಒಳಬದಿಗೋ ಹೊರಬದಿಗೋ ಬಿಗಿಯಬಹುದು. ನೇಮಿಯನ್ನು ಹಾಗೆಯೋ ಮಗುಚಿಯೋ ಇಡಬಹುದು. ಎರಡೆರಡು ಬಗೆಯ ಮೂರು ಆಯ್ಕೆಗಳಾದುದರಿಂದ ಒಟ್ಟು ಎಂಟು ಸ್ಥಾನಗಳು ದೊರೆಯುವುವು: 48 ಇಂಚಿನಿಂದ ನಾಲ್ಕು ನಾಲ್ಕಾಗಿ ಏರಿ 76 ಇಂಚಿನವರೆಗೆ. ಗುರುಲಘುಗಳೆಂಬ ಎರಡೇ ವಸ್ತುಗಳನ್ನು ಮೂರು ಸ್ಥಾನಗಳಲ್ಲಿಟ್ಟು ಛಂದಶ್ಶಾಸ್ತ್ರಕಾರರು ಮಗಣ ಯಗಣಾದಿ ಎಂಟು ಗಣಗಳನ್ನು ಪಡೆದುದು ಇದೇ ಪ್ರಸ್ತಾರದಿಂದ. ಕಾವೆಂಟ್ರಿಯ ಕಮ್ಮಾರರಿಗೆ ಪಿಂಗಳನ ಹೆಸರು ತಿಳಿದಿರಲಾರದು. ಲೆಕ್ಕ ಮಾತ್ರ ಒಂದೇ.

ಇನ್ನೂ ಒಂದು ಸೂಕ್ಷ್ಮವುಂಟು. ಟೈರಿನ ಮೇಲಿನ ಉಬ್ಬುಗೆರೆಗಳು ಬಾಣದ ಮೊನೆಯಂತೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಅವು ಹಿಮ್ಮುಖವಾದರೆ ಮಣ್ಣಿನಲ್ಲಿ ಹಿಡಿತ ತಪ್ಪುವುದು. ಚಕ್ರವನ್ನು ಇದ್ದಲ್ಲಿಯೇ ಮಗುಚಿದರೆ ಹಾಗೆಯೇ ಆಗುವುದು. ಆದುದರಿಂದ ಮಗುಚಿದ ಚಕ್ರವನ್ನು ಎಡದಿಂದ ಬಲಕ್ಕೆ, ಬಲದ್ದನ್ನು ಎಡಕ್ಕೆ ದಾಟಿಸಬೇಕು. ನೇಮಿಯನ್ನು ಮುಟ್ಟದೆ ಎರಡು ಚಕ್ರಗಳನ್ನು ಇಡಿಯಾಗಿ ಹೀಗೆ ಅದಲುಬದಲು ಮಾಡಿದಮಾತ್ರಕ್ಕೆ 76 ಇಂಚು 48 ಆಗುವುದು, 72 ಇದ್ದುದು 52, 68 ಇದ್ದುದು 56, 64 ಇದ್ದುದು 60. ಯಾವ ಜೋಡಿಯನ್ನು ಕೂಡಿದರೂ 124. ಈ ಗುಟ್ಟನ್ನರಿತವನಿಗೆ ಅರ್ಧ ಕೆಲಸ ಉಳಿಯುವುದು.

ಮುಂದಿನ ಅಚ್ಚಿನ ಏರ್ಪಾಡು ಇದಕ್ಕಿಂತ ಚತುರವಾದುದು. ನಡುವೆ ಒಂದು ತೊಲೆ, ಇಬ್ಬದಿಗೆ ಎರಡು ತೊಲೆಗಳು. ತುದಿಗಳು ಒಂದರ ಮೇಲೊಂದು ಹೊದ್ದುಕೊಂಡು, ಸಾಲಾಗಿ ಕೊರೆದ ತೂತುಗಳ ಮೂಲಕ ಬೋಲ್ಟುಗಳಿಂದ ಬಿಗಿದಿರುತ್ತವೆ. ಒಂದು ತೂತು ಸರಿಸಿದರೆ ಒಂದು ಬದಿಗೆ ಎರಡು ಇಂಚು, ಎರಡೂ ಬದಿ ಸೇರಿ ನಾಲ್ಕು. ಸಾಮಾನ್ಯವಾಗಿ ಮುಂದಿನ ಗಾಲಿಗಳ ಅಂತರ ಬದಲಾದರೆ ತಿರುಗುಗಾಲಿಯ ಸರಳುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಅಳೆದು ಹೊಂದಿಸಬೇಕಾಗುವುದು. ಇಲ್ಲಿ ಪಕ್ಕದ ತೊಲೆಗಳನ್ನು ತುಸು ಹಿಂದಕ್ಕೆ ಓರೆಯಾಗಿ ಚಾಚಿಸಿ, ಒಂದೊಂದು ಗಾಲಿಗೂ ಬೇರೆ ಬೇರೆ ಸರಳನ್ನು ಕೊಟ್ಟಿರುವುದರಿಂದ, ಅಂತರ ಎಷ್ಟಾದರೂ ಗಾಲಿಗಳ ನೇರ ಕೆಡುವುದಿಲ್ಲ. ಹೊಲದಂಚಿನಲ್ಲಿ ಅಳತೆಗೋಲಿಲ್ಲದೆ ನಿಂತ ಒಬ್ಬ ರೈತ ಇದನ್ನು ಮಾಡಿಕೊಳ್ಳಬಲ್ಲವನಾಗಬೇಕೆಂಬುದೇ ಉದ್ದೇಶವಾಗಿತ್ತು. ಯಂತ್ರದ ದ್ರವಬಲದಿಂದಲೇ ಯಂತ್ರವನ್ನು ನೆಲದಿಂದ ಎತ್ತಿ ನಿಲ್ಲಿಸುವ ಜಾಕಿಯೊಂದನ್ನು ಫರ್ಗುಸನ್ ಬೇರೆಯಾಗಿ ಮಾರುತ್ತಿದ್ದನು. ಬ್ರಿಟನ್ನಿನಲ್ಲಿ ಆಲೂಗೆಡ್ಡೆಯ ಸಾಲು 28 ಇಂಚು. ಅದರ ಇಮ್ಮಡಿ 56. ಎಂಟು ಸ್ಥಾನಗಳಲ್ಲಿ ಮೂರನೆಯದು ಅದೇ. ನಾಲ್ಕಿಂಚಿನ ಮೆಟ್ಟಿಲುಗಳ ಹಿಂದೆ ಇಂಥ ಲೆಕ್ಕಗಳಿವೆ.

ಮೂರನೆಯ ಉತ್ತರ ಸೋಮಾರಿಗಳ ಪಾಲಿನ ಭಾಗ್ಯ. ಟ್ರ್ಯಾಕ್ಟರಿಗೆ ಗಾಳಿತುಂಬಿದ ರಬ್ಬರಿನ ಟೈರನ್ನು 1932ರಲ್ಲಿ ರೂಢಿಗೆ ತಂದ ಆಲಿಸ್-ಚಾಮರ್ಸ್ ಸಂಸ್ಥೆಯವರೇ 1948ರ ತಮ್ಮ ‘ಡಬ್ಲ್ಯುಡಿ’ ಮಾದರಿಯಲ್ಲಿ ಅದನ್ನೂ ಕೊಟ್ಟರು. ನೇಮಿಯ ಒಳಮೈಯಲ್ಲಿ ತಿರುಪಿನಂತೆ ಓರೆಯಾದ ಹಳಿಗಳು, ಬಿಗಿಗಳನ್ನು ಸಡಿಲಿಸಿ ಎಂಜಿನ್ನಿನ ಬಲದಿಂದ ನಾಭಿಯನ್ನು ತಿರುಗಿಸಿದರೆ ಟೈರು ತಾನೇ ಒಳಕ್ಕೋ ಹೊರಕ್ಕೋ ಹರಿದುಹೋಗುವುದು, ಜಾಕಿ ಬೇಡ. ಇದೇ ಮಾದರಿಯ ಚಕ್ರಗಳು ಮುಂದೆ ಮ್ಯಾಸಿ ಫರ್ಗುಸನ್ ಯಂತ್ರಗಳಿಗೂ ಬಂದುವು. 1953ರಲ್ಲಿ ಫರ್ಗುಸನ್ನನ ಸಂಸ್ಥೆ ಕೆನಡಾದ ಮ್ಯಾಸಿ-ಹ್ಯಾರಿಸಿನೊಡನೆ ಕೂಡಿಹೋಗಿ ಮುಂದೆ ಕೆಲವು ವರ್ಷಗಳಲ್ಲಿ ಆ ಹೆಸರಾಯಿತು. ಅದರ ಸಹಯೋಗದಿಂದಲೇ 1960ರಲ್ಲಿ ಮದರಾಸಿನಲ್ಲಿ ಟ್ಯಾಫೆ ಸಂಸ್ಥೆ ಹುಟ್ಟಿತು. ಅದಕ್ಕೆ ಕನ್ನಡನಾಡಿನ ದೊಡ್ಡಬಳ್ಳಾಪುರದಲ್ಲಿಯೂ ಕಾರ್ಖಾನೆಯಾಯಿತು. ಹೀಗೆ ಡೌನ್ ಪ್ರಾಂತದ ರೈತನ ಮಗನ ಕಲ್ಪನೆ ಕೆಂಪುಬಣ್ಣ ತಳೆದು ಕನ್ನಡಿಗರ ಹೊಲಗಳಿಗೂ ಇಳಿಯಿತು.

ಇನ್ನು ಟ್ರೈಲರಿನ ವಿಷಯ. ಚಕ್ರಾಂತರವನ್ನು ಟೈರಿನ ಮಧ್ಯದಿಂದ ಟೈರಿನ ಮಧ್ಯಕ್ಕೆ ಅಳೆಯುವುದು ವಾಡಿಕೆ. ಆದುದರಿಂದ ಒಟ್ಟು ಅಗಲ ಬೇಕಾದರೆ ಒಂದು ಟೈರಿನ ದಪ್ಪವನ್ನು ಕೂಡಬೇಕು. ಅನೇಕರು ಇದನ್ನು ಮರೆತು ಏರುಹಲಗೆಯ ಬುಡದಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾರೆ. ಅಮೆರಿಕಾದ ಹೆದ್ದಾರಿಗಳಲ್ಲಿ ವಾಹನದ ಅಗಲಕ್ಕೆ 102 ಇಂಚಿನ ಮಿತಿಯುಂಟು. ಆ ಅಗಲದ ಟ್ರೈಲರಿನಲ್ಲಿಯೂ ಗಾಲಿಗಳೂ ಮಡ್‌ಗಾರ್ಡುಗಳೂ ಇಬ್ಬದಿಯ ಜಾಗವನ್ನು ನುಂಗಿ ನಡುವೆ ಉಳಿಯುವುದು ಸುಮಾರು 82 ಇಂಚು. ಫರ್ಗುಸನ್ನಿನ ಹಿಂದಿನ ಟೈರು ಸುಮಾರು 11 ಇಂಚಿನ ದಪ್ಪ. 76ರ ಸ್ಥಾನದಲ್ಲಿದ್ದರೆ ಒಟ್ಟು 87, ಹಿಡಿಯುವುದಿಲ್ಲ. 68ರಲ್ಲಿದ್ದರೆ 79, ಒಂದೊಂದು ಬದಿಗೆ ಒಂದೂವರೆ ಇಂಚು. ಹಿಡಿದರೂ ಏರಿಸುವವನ ಎದೆ ಹೊಡೆದುಕೊಳ್ಳುವುದು. ಆ ಚಕ್ರಗಳನ್ನು ಅದಲುಬದಲು ಮಾಡಿ 56ಕ್ಕೆ ತಂದರೆ 67, ಪಕ್ಕದಲ್ಲಿ ಸರಪಳಿ ಬಿಗಿಯುವುದಕ್ಕೂ ಜಾಗ. ಬ್ರಿಟನ್ನಿನಲ್ಲಿ ಕಾರು ಎಳೆಯುವ ಟ್ರೈಲರಿಗೆ 2.55 ಮೀಟರಿನ ಮಿತಿ. ಲೆಕ್ಕ ಹೆಚ್ಚುಕಡಮೆ ಅದೇ.

ಕೆಲಸಕ್ಕೆ ಕೈಹಾಕುವವನು ತಿಳಿದಿರಬೇಕಾದ ಅಪಾಯವೊಂದುಂಟು. ಮುಂದಿನ ಅಚ್ಚು ನಡುವಿನ ಒಂದೇ ಗೂಟದ ಮೇಲೆ ತಕ್ಕಡಿಯ ದಂಡಿಗೆಯಂತೆ ತೂಗಾಡುವುದು. ಹಿಂದಿನ ಗಾಲಿಯನ್ನು ಕಳಚಿದಾಗ ಇಡೀ ಮೈ ಆ ಗೂಟದ ಮೇಲೆ ಹೊರಳಬಹುದು. ಆದುದರಿಂದ ಅಚ್ಚಿಗೂ ಮೈಗೂ ನಡುವೆ ಇಬ್ಬದಿಯಲ್ಲಿಯೂ ಮರದ ಬೆಣೆಗಳನ್ನು ಬಡಿದು, ಜಾಕಿಯನ್ನು ಮಾತ್ರ ನಂಬದೆ ಕೆಳಗೆ ಗಟ್ಟಿಯಾದ ಮರದ ದಿಮ್ಮಿಗಳನ್ನು ಕೊಟ್ಟು ಆಮೇಲೆ ಬೋಲ್ಟಿಗೆ ಕೈಯಿಡಬೇಕು. ಹಿಂದಿನವರು ಹಿಡಿತಕ್ಕಾಗಿ ಟೈರಿನೊಳಗೆ ನೀರು ತುಂಬುತ್ತಿದ್ದರು. ಶೀತದೇಶಗಳಲ್ಲಿ ಅದು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡನ್ನು ಕರಗಿಸುತ್ತಿದ್ದರು. ಅಂಥ ಚಕ್ರ ನೂರಾರು ಪೌಂಡು ಹೆಚ್ಚು ತೂಗುವುದು. ಒಬ್ಬನ ಮೇಲೆ ವಾಲಿದರೆ ಕಾಲು ಮುರಿಯದೆ ಬಿಡದು. ಆ ಉಪ್ಪುನೀರು ಸೋರಿ ನೇಮಿಯನ್ನು ತಿಂದುಹಾಕಿರುವುದೂ ಉಂಟು. ಅತಿ ಕಿರಿದಾದ ಸ್ಥಾನಕ್ಕೆ ತಂದಾಗ ದಪ್ಪ ಟೈರು ಯಂತ್ರದ ಮಡ್‌ಗಾರ್ಡಿಗೆ ಉಜ್ಜುವುದೋ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

ಇದೆಲ್ಲಕ್ಕಿಂತ ದೊಡ್ಡ ಮಾತು ಬೇರೆಯಿದೆ. ಅಗಲ ಕುಗ್ಗಿದಷ್ಟೂ ಯಂತ್ರ ಪಕ್ಕಕ್ಕೆ ಮಗುಚುವುದು ಸುಲಭವಾಗುತ್ತದೆ. ಒಂದು ಯಂತ್ರದ ಗುರುತ್ವಕೇಂದ್ರ ನೆಲದಿಂದ 28 ಇಂಚಿನಲ್ಲಿದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಚಕ್ರಾಂತರ 76 ಇದ್ದರೆ ಸುಮಾರು 54 ಡಿಗ್ರಿಯ ಇಳಿಜಾರಿನವರೆಗೆ ಅದು ನಿಲ್ಲಬೇಕು. 56 ಇದ್ದರೆ 45. 48 ಇದ್ದರೆ 41ಕ್ಕೂ ಕಡಮೆ. ಇದು ಕಾಗದದ ಮೇಲಿನ ಲೆಕ್ಕ. ಮುಂದಿನ ಅಚ್ಚು ಗೂಟದ ಮೇಲೆ ತೂಗುವುದರಿಂದ ಯಂತ್ರ ನಿಂತಿರುವುದು ವಾಸ್ತವವಾಗಿ ತ್ರಿಕೋಣದ ಮೇಲೆ. ಅದರ ಮೇಲೆ ವೇಗ, ತಿರುವು, ಒಂದು ಕಡೆಯ ಗುಳಿ ಇವೆಲ್ಲ ಸೇರಿ ನಿಜವಾದ ಮಿತಿ ಇದಕ್ಕಿಂತ ಬಹಳ ಕೆಳಗಿರುವುದು. ಫರ್ಗುಸನ್ನನ ಕಾಲದ ಯಂತ್ರಗಳಲ್ಲಿ ಚಾಲಕನ ತಲೆಯ ಮೇಲೆ ಆಕಾಶವಲ್ಲದೆ ಬೇರೇನೂ ಇರಲಿಲ್ಲ. ಮಗುಚಿದ ಯಂತ್ರದಡಿ ಸಿಕ್ಕಿ ಸತ್ತ ರೈತರು ಯೂರೋಪು ಅಮೆರಿಕಾಗಳ ಹಳ್ಳಿಹಳ್ಳಿಗಳಲ್ಲಿದ್ದಾರೆ. ಸ್ವೀಡನ್ ದೇಶ 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಉಕ್ಕಿನ ರಕ್ಷಾಕಮಾನು ಇರಲೇಬೇಕೆಂದು ವಿಧಿಸಿದ ಮೇಲೆ ಅಲ್ಲಿ ಇಂಥ ಮರಣಗಳು ಬಹುವಾಗಿ ತಗ್ಗಿದುವು. ಬ್ರಿಟನ್ನಿನಲ್ಲಿ 1970ರಿಂದ ಹೊಸ ಟ್ರ್ಯಾಕ್ಟರುಗಳಿಗೆ ಅದೇ ನಿಯಮವಾಯಿತು. ಆದರೆ ಹಳೆಯದನ್ನು ಹಳೆಯದಾಗಿಯೇ ಕಾಪಾಡಬೇಕೆಂಬ ಅಭಿಮಾನಿಗಳು ತಮ್ಮ ಯಂತ್ರಕ್ಕೆ ಆ ಕಮಾನನ್ನು ಹಾಕಲು ಒಪ್ಪದಿರುವುದು ಸಹಜ. ಅಂಥವರಿಗೆ ಉಳಿದಿರುವ ಒಂದೇ ರಕ್ಷೆ ಆ ಚಕ್ರಾಂತರ. ಟ್ರೈಲರಿಗಾಗಿ ಅದನ್ನು ಕುಗ್ಗಿಸಿ, ಮರಳಿ ಹಿಗ್ಗಿಸುವುದಕ್ಕೆ ಬೇಸರಪಟ್ಟು, ಆ ಕಿರಿದಾದ ಸ್ಥಾನದಲ್ಲಿಯೇ ದಿಬ್ಬದ ಹುಲ್ಲುಗಾವಲಿಗೆ ಇಳಿಯುವುದು ಹೇಗೂ ವಿವೇಕವಲ್ಲ.

ಹಿಗ್ಗಿಸುವ ಕೆಲಸವೇನೂ ದೊಡ್ಡದಲ್ಲ. ಬೆಣೆ, ದಿಮ್ಮಿ, ಜಾಕಿ ಎಲ್ಲ ಮೊದಲಿನಂತೆಯೇ. ಹಿಂದಿನ ಚಕ್ರಗಳನ್ನು ಮತ್ತೆ ಎಡಬಲ ದಾಟಿಸುವುದು. ಮುಂದಿನ ತೊಲೆಯ ತೂತುಗಳನ್ನು ಎರಡು ಬದಿಯಲ್ಲಿಯೂ ಸಮನಾಗಿ ಎಣಿಸಿ ಬೋಲ್ಟು ಹಾಕುವುದು. ಟೈರಿನ ಬಾಣಮೊನೆಗಳು ಸರಿಯಾದ ದಿಕ್ಕಿಗೆ ತಿರುಗಿವೆಯೋ ನೋಡುವುದು. ಒಂದಷ್ಟು ದೂರ ಓಡಿಸಿದ ಮೇಲೆ ಬೋಲ್ಟುಗಳು ಸಡಿಲವಾಗುವುದುಂಟು. ಆಗ ಇಳಿದು ಎಲ್ಲವನ್ನೂ ಇನ್ನೊಮ್ಮೆ ಬಿಗಿಯಬೇಕು.